ಎರಡು ಮಹಡಿಗಳ ನಡುವಿನ ತಂತಿ

"ಇವನೇ" ಎಂದು ದೊಡ್ಡಮ್ಮ ಕೈಯಲ್ಲಿದ್ದ ಪೆನ್ನನ್ನು ಅವನತ್ತ ಚಾಚಿದಳು. "ಇವನನ್ನ ಮನುಷ್ಯ ಅಂತ ಲೆಕ್ಕಕ್ಕೆ ತಗೋಬೇಡಿ. ಎರಡು ಕಂಪ್ಯೂಟರ್ ಮಧ್ಯೆ ನಾವು ಎಳೆದಿರೋ ತಂತಿ ಇದು. ಬೇರೆ ತಂತಿಗಳಿಗೆ ಬಾಯಿ ಇರಲ್ಲ, ಇದಕ್ಕೆ ಅದೊಂದು ಜಾಸ್ತಿ."

ಮೇಜಿನ ಸುತ್ತ ಕೂತವರೆಲ್ಲ ನಕ್ಕರು. ಬಿಲ್ಲು ಮಾಡುವ ಹೆಂಗಸರು ಮನಸಾರೆ ನಕ್ಕರು. ಹೊರಗಿನಿಂದ ಬಂದಿದ್ದ ಇಬ್ಬರು ಕಂಪನಿಯವರು ಮರ್ಯಾದೆಗೆ ಎಷ್ಟು ಬೇಕೋ ಅಷ್ಟು ನಕ್ಕರು. ಅವರಲ್ಲೊಬ್ಬರು ಕೇಳಿದ್ದಾದರೂ ಏನು? ಮೇಲಿನ ಮಹಡಿಯ ಅಂಗಡಿಗೆ ಬಂದ ಆರ್ಡರ್ ಕೆಳಗಿನ ಕಾರ್ಖಾನೆಗೆ ಈಗ ಹೇಗೆ ಹೋಗುತ್ತದೆ ಎಂದು. ಅಷ್ಟಕ್ಕೆ ಈ ಉತ್ತರ.

ಅವನಿಗೆ ಎಲ್ಲರೂ ಇಟ್ಟ ಹೆಸರು ಕಿಡಿ. ಬಿದ್ದ ಮಾತಿಗೆ ತಿರುಗಿ ಮಾತು ಹಾಕದೆ ಅವನು ಸುಮ್ಮನಿದ್ದ ದಿನವಿಲ್ಲ. ಶಾಲೆ ಬಿಟ್ಟದ್ದೂ ಹಾಗೆಯೇ. ಮೇಷ್ಟರು ಒಂದು ಅಂದರು, ಇವನು ಎರಡು ಅಂದ, ಅಲ್ಲಿಗೆ ವಿದ್ಯೆ ಮುಗಿಯಿತು.

"ಮುಟ್ಟಿ ನೋಡು ದೊಡ್ಡಮ್ಮ. ಕರೆಂಟು ಇದೆಯೋ ಇಲ್ವೋ ಗೊತ್ತಾಗುತ್ತೆ" ಎಂದ.

ನಗು ದುಪ್ಪಟ್ಟಾಯಿತು. ದೊಡ್ಡಮ್ಮ ಮಾತ್ರ ನಗಲಿಲ್ಲ. "ನೋಡಿದ್ರಾ? ಸುಳ್ಳು ಹೇಳಿದ್ನಾ?" ಎಂದು ಕಂಪನಿಯವರ ಮುಖ ನೋಡಿದಳು.

ಕಿಡಿಗೆ ಮೈಯೆಲ್ಲ ಉರಿಯಿತು. ಉರಿದದ್ದು ಮಾತು ಸುಳ್ಳಾಗಿದ್ದಕ್ಕಲ್ಲ, ನಿಜವಾಗಿದ್ದಕ್ಕೆ. ಅದು ತಾತ ಕಟ್ಟಿದ ಮರದ ಸಾಮಾನಿನ ಕಾರ್ಖಾನೆ. ಮೇಲೆ ಅಂಗಡಿ, ಕೆಳಗೆ ಗರಗಸ. ತಾತ ಹೋದ ಮೇಲೆ ಮೇಲಿನದ್ದು ದೊಡ್ಡಮ್ಮನ ಪಾಲಿಗೆ ಬಂತು, ಕೆಳಗಿನದ್ದು ಅವಳ ತಮ್ಮ, ಅಂದರೆ ಕಿಡಿಯ ಸೋದರಮಾವನ ಪಾಲಿಗೆ. ವೆಬ್‌ಸೈಟಿನಲ್ಲಿ ಸಾಮಾನು ಮಾರಬೇಕೋ ಬೇಡವೋ ಎಂಬಲ್ಲಿ ಅಕ್ಕತಮ್ಮಂದಿರಿಗೆ ಮಾತಿಗೆ ಮಾತು ಬೆಳೆಯಿತು. ಆವತ್ತಿನಿಂದ ಮಾತು ಬಂದ್. ಅವಳು ಕ್ಲೌಡಿನಲ್ಲಿ ಓಡುವ ಹೊಸ ಸಾಫ್ಟ್‌ವೇರ್ ತಂದಳು. ಅವನು ಹಟಕ್ಕೆ ಬಿದ್ದು ಮೆಟ್ಟಿಲ ಕೆಳಗಿನ ಹಳೇ ಕಂಪ್ಯೂಟರಿನಲ್ಲಿ ತನ್ನದೇ ಬೇರೆ ಇಟ್ಟುಕೊಂಡ. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಮೇಲೆ ಬಂದ ಆರ್ಡರ್ ಓದಿ, ಕೆಳಗೆ ಇಳಿದು, ಅದನ್ನೇ ಮತ್ತೆ ಟೈಪ್ ಮಾಡುವುದು ಕಿಡಿಯ ಕೆಲಸ. ಸಾಮಾನು ತಯಾರಾದರೆ ಮೇಲೆ ಹತ್ತಿ 'ರೆಡಿ' ಎಂದು ಒತ್ತುವುದೂ ಅವನದ್ದೇ.

ಅದರ ಜೊತೆಗೆ ಸಂಬಳವಿಲ್ಲದ ಇನ್ನೊಂದು ಕೆಲಸ. "ನಿಮ್ಮ ಮಾವನಿಗೆ ಹೇಳು, ಬುದ್ಧಿ ಇದ್ದವರು ಯಾರೂ ಅಲಮಾರಿಗೆ ಈ ಬಣ್ಣ ಹೊಡೆಯಲ್ಲ." "ನಿಮ್ಮ ದೊಡ್ಡಮ್ಮನಿಗೆ ಹೇಳು, ಬಣ್ಣ ಅವಳು ಕಳಿಸಿದ್ದೇ." ಮೇಲಿನ ಬೈಗುಳ ಕೆಳಗೆ ಮುಟ್ಟುವಷ್ಟರಲ್ಲಿ ಅರ್ಧದಷ್ಟು ಮೆಟ್ಟಿಲ ಮೇಲೆ ಉದುರಿರುತ್ತಿತ್ತು. ಉದುರಿಸುತ್ತಿದ್ದವನು ಕಿಡಿಯೇ. ಅವರಿವರ ಬೆಂಕಿ ತಣಿಸಿ ತಣಿಸಿ ಅವನಿಗೆ ತನ್ನದು ತಣಿಸಿಕೊಳ್ಳಲು ಪುರಸೊತ್ತೇ ಇರಲಿಲ್ಲ.

ಕಂಪನಿಯ ಇಬ್ಬರೂ ಮಾರಲು ಬಂದದ್ದು ಒಂದೇ ಬಗೆಯ ಸಾಮಾನನ್ನು. ಇಂಟಿಗ್ರೇಷನ್ ಪ್ಲಾಟ್‌ಫಾರಂ ಎಂದು ಅದರ ಹೆಸರು. ಕ್ಲೌಡಿನಲ್ಲಿ ಕೂತು, ಒಂದು ಸಾಫ್ಟ್‌ವೇರಿನ ಮಾತನ್ನು ಇನ್ನೊಂದಕ್ಕೆ ತಿಳಿಯುವಂತೆ ಮುಟ್ಟಿಸುವುದು. ಅಂದರೆ ಕಿಡಿಯ ಕೆಲಸವೇ, ಕಿಡಿ ಇಲ್ಲದೆ. ಬೇರೆ ಯಾರಾದರೂ ಆಗಿದ್ದರೆ ಅನ್ನಕ್ಕೆ ಕಲ್ಲು ಬಿತ್ತೆಂದು ಕಂಗಾಲಾಗುತ್ತಿದ್ದರು. ಕಿಡಿಯ ಹೆದರಿಕೆ ತದ್ವಿರುದ್ಧವಾಗಿತ್ತು. ಎಲ್ಲಿ ಎರಡೂ ಕೈಕೊಟ್ಟು ತಾನು ಈ ಮೆಟ್ಟಿಲ ಮೇಲೇ ಮುದುಕನಾಗುತ್ತೇನೋ ಎಂದು.

ಯಾಕೆಂದರೆ ಕೆಳಗೆ, ಕಿಟಕಿಯ ಪಕ್ಕದಲ್ಲಿ, ಲೇತು ಯಂತ್ರವಿತ್ತು. ಅದರ ಮುಂದೆ ಲೇತಜ್ಜ ನಿಂತಿರುತ್ತಿದ್ದ. ಗಿರ್ರೆಂದು ತಿರುಗುವ ಮರಕ್ಕೆ ಅವನು ಉಳಿ ಹಿಡಿದರೆ ಸಿಪ್ಪೆ ಸುರುಳಿಸುರುಳಿಯಾಗಿ ಹಾರಿ, ಚೌಕದ ತುಂಡಿನ ಒಳಗಿನಿಂದ ಕುರ್ಚಿಯ ಕಾಲು ಎದ್ದು ಬರುತ್ತಿತ್ತು. ಕಿಡಿ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದ ಜಾಗ ಅದೊಂದೇ. ಲೇತಜ್ಜನಿಗೆ ಕಣ್ಣು ಮಂಜಾಗಿತ್ತು. ತಿಂಗಳ ಕೊನೆಗೆ ಕೆಲಸ ಬಿಟ್ಟು ಮಗಳ ಮನೆಗೆ ಹೋಗುವವನಿದ್ದ. ಹೋಗುವ ಮೊದಲು ಯಾರಿಗಾದರೂ ಕೈ ತಿದ್ದಿ ಹೋಗಬೇಕು. ಆ 'ಯಾರಿಗಾದರೂ' ತಾನೇ ಆಗಬೇಕೆಂದು ಕಿಡಿ ಮಾವನ ಬೆನ್ನು ಹತ್ತಿದ್ದ.

"ಒಂದು ದಿನ" ಎಂದಿದ್ದ ಮಾವ. "ಬೆಳಿಗ್ಗೆಯಿಂದ ಸಂಜೆವರೆಗೆ ನಿನ್ನ ಕೈ ತಾಗದೆ ಮೇಲಿನದೂ ಕೆಳಗಿನದೂ ನಡೀಲಿ. ಲೇತು ನಿನ್ನದು. ಇಲ್ಲಾಂದ್ರೆ ಹೊರಗಿನವರನ್ನ ಕರೀತೀನಿ. ನೀನು ಕೀಬೋರ್ಡ್ ಕುಟ್ಕೊಂಡಿರು."

ಹಾಗಾಗಿ ಎರಡು ಪ್ಲಾಟ್‌ಫಾರಂಗಳಲ್ಲಿ ಯಾವುದು ವಾಸಿ ಎಂದು ಪರೀಕ್ಷಿಸುವ ಕೆಲಸಕ್ಕೆ ಕಿಡಿ ತಾನಾಗಿ ಬಿದ್ದ. ಹೆಣ್ಣು ನೋಡಲು ಹೋದವರೂ ಅಷ್ಟು ಕೂಲಂಕಷವಾಗಿ ನೋಡಿರಲಾರರು.

ಮೊದಲನೆಯ ಕಂಪನಿಯಾತ ಮಾತಿಗೊಮ್ಮೆ ನಗುತ್ತಿದ್ದ. ಅವನಿಗೆ ಕಿಡಿ ನಗುಮುಖ ಎಂದು ಹೆಸರಿಟ್ಟ. ನಗುಮುಖನ ಪ್ಲಾಟ್‌ಫಾರಂ ಮಕ್ಕಳ ಚಿತ್ರದ ಪುಸ್ತಕದ ಹಾಗಿತ್ತು. ಪರದೆಯ ಮೇಲೆ ಒಂದು ಹಳದಿ ಡಬ್ಬಿ, ಒಂದು ನೀಲಿ ಡಬ್ಬಿ, ನಡುವೆ ಒಂದು ಗೆರೆ ಎಳೆದರೆ ಮುಗಿಯಿತು. ಚಹಾ ಆರುವ ಮುಂಚೆ ಮೇಲಿನ ಆರ್ಡರ್ ಕೆಳಗೆ ಬಂದು ಕೂತಿತು. ಕೆಳಗಿನ ಪ್ರಿಂಟರ್ ಕಿರ್ ಎಂದು ಕೆಲಸದ ಚೀಟಿ ಹೊರಗೆ ಹಾಕಿತು.

ಎರಡನೆಯ ಕಂಪನಿಯಾಕೆ ನಗುತ್ತಿರಲಿಲ್ಲ, ಕೇಳುತ್ತಿದ್ದರು. ಮೇಲಿನವರು ಬರೆಯುವ 'ಕಂದು' ಕೆಳಗಿನವರ ಯಾವ ಬಣ್ಣ? ಆರ್ಡರ್ ರದ್ದಾದರೆ ಅರ್ಧ ಕೊಯ್ದ ಮರದ ಗತಿ ಏನು? ಒಂದಕ್ಕೆ ಉತ್ತರ ಕೊಟ್ಟರೆ ಅದರ ಹೊಟ್ಟೆಯಿಂದ ಇನ್ನೆರಡು. ಕಿಡಿ ಅವರಿಗೆ ಪ್ರಶ್ನೆಯಮ್ಮ ಎಂದು ಹೆಸರಿಟ್ಟ. ಮೂರನೆಯ ದಿನಕ್ಕೆ ಅವನ ತಲೆ ಬಿಸಿಯಾಗಿ ಹೋಯಿತು.

"ಒಂದೇ ಆರ್ಡರ್ ಎರಡು ಸಲ ಬಂದ್ರೆ ಏನು ಮಾಡಲಿ?" ಎಂದು ಅವರು ಫೋನಿನಲ್ಲಿ ಕೇಳಿದರು.

"ಬರಲ್ಲ."

"ಅಕಸ್ಮಾತ್ ಬಂದ್ರೆ?"

"ಮೇಡಂ, ಬರಲ್ಲ ಅಂದ್ರೆ ಬರಲ್ಲ. ಮುಂದಿನದು ಕೇಳಿ."

"ಸರಿ, ಖಾಲಿ ಬಿಟ್ಟಿರ್ತೀನಿ" ಎಂದರು ಪ್ರಶ್ನೆಯಮ್ಮ.

ಅಷ್ಟಾದರೂ ಕಿಡಿ ಅನ್ಯಾಯ ಮಾಡಲಿಲ್ಲ. ಅವನು ಹೂಡಿದ ಪರೀಕ್ಷೆ ಯಾವ ಪುಸ್ತಕದ್ದೂ ಅಲ್ಲ. ದೊಡ್ಡ ಗರಗಸ ಶುರುವಾದರೆ ಮೆಟ್ಟಿಲ ಕೆಳಗಿನ ಕಂಪ್ಯೂಟರ್ ಒಮ್ಮೊಮ್ಮೆ ಕಣ್ಣು ಮುಚ್ಚಿಬಿಡುತ್ತಿತ್ತು. ಅದನ್ನೇ ಬೇಕೆಂದು ಮಾಡಿಸಿದ. ಮೇಲೆ ಒಂದು ಸ್ಟೂಲಿನ ಆರ್ಡರ್ ಹಾಕಿ, ಕೆಳಗೆ ಪ್ಲಗ್ಗು ಕಿತ್ತ. ನಗುಮುಖನದ್ದು ಸ್ಟೂಲನ್ನು ಎಲ್ಲೋ ಬೀಳಿಸಿ, ಏನೂ ಆಗದವರ ಹಾಗೆ ಹಸಿರು ದೀಪ ತೋರಿಸುತ್ತ ಕೂತಿತು. ಪ್ರಶ್ನೆಯಮ್ಮನದ್ದು ಸ್ಟೂಲನ್ನು ಕಂಕುಳಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಬಾಗಿಲು ತಟ್ಟಿತು. ಪ್ಲಗ್ಗು ಹಾಕಿದ ಕೂಡಲೇ ಒಪ್ಪಿಸಿತು.

"ಇದು ನಮ್ಮ ಮನೆಗೆ ಸರಿಯಾದ ಜಾತಿ" ಎಂದ ಮೇಸ್ತ್ರಿ, ಅಂದರೆ ಬಡಗಿಗಳ ಯಜಮಾನ. "ಬಾಗಿಲು ತೆಗೆಯೋವರೆಗೂ ಹೋಗಲ್ಲ."

ಅಷ್ಟು ಹೊತ್ತಿಗೆ ತಿಂಗಳು ಮುಗಿಯಲು ಬಂದಿತ್ತು. ಪ್ರಶ್ನೆಯಮ್ಮನದ್ದು ಮೇಲಿನಿಂದ ಕೆಳಗೆ ಮಾತ್ರ ಸಿದ್ಧವಾಗಿತ್ತು. ಕೆಳಗಿನಿಂದ ಮೇಲಕ್ಕೆ 'ರೆಡಿ' ಎಂದು ಹೇಳಲು ಇನ್ನೂ ಒಂದು ಗಾಡಿ ಪ್ರಶ್ನೆಗಳು ಬಾಕಿ. ಲೇತಜ್ಜ ಆಗಲೇ ಪೆಟ್ಟಿಗೆ ಕಟ್ಟುವ ಮಾತಾಡುತ್ತಿದ್ದ. ಕಿಡಿಗೆ ತಡೆಯಲಾಗಲಿಲ್ಲ. ಇಳಿಯುವುದಕ್ಕೆ ಪ್ರಶ್ನೆಯಮ್ಮನದ್ದು, ಹತ್ತುವುದಕ್ಕೆ ನಗುಮುಖನದ್ದು, ಎರಡನ್ನೂ ಒಟ್ಟಿಗೆ ಕಟ್ಟಿದರೆ ಯಾರು ಬೇಡ ಅಂತಾರೆ? ನಗುಮುಖನ ಪರದೆ ತೆರೆದು, ಕೆಳಗಿನ ಡಬ್ಬಿಯಿಂದ ಮೇಲಿನ ಡಬ್ಬಿಗೆ ಒಂದು ಗೆರೆ ಎಳೆದ. ಕೆಳಗೆ ಏನೇ ಹೊಸದಾದರೂ ಮೇಲೆ ತಿಳಿಸು ಎಂದು ಅದಕ್ಕೆ ಅಪ್ಪಣೆ ಕೊಟ್ಟ. ಕೂಡಲೇ ಮಾವನ ಮುಂದೆ ಹೋಗಿ ನಿಂತ.

"ನಾಳೆ ನೋಡಿ ಮಾವ. ನನ್ನ ಕೈ ಜೇಬಿನಿಂದ ಹೊರಗೆ ಬರಲ್ಲ."

ಮರುದಿನ ಬೆಳಿಗ್ಗೆ ಮೊದಲ ಆರ್ಡರ್ ಬಂತು. ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರರು ಮಗಳ ಹೆರಿಗೆಗೆ ಮುಂಚೆಯೇ ಲೇತಿನಲ್ಲಿ ಕಡೆದ ಕಂಬಿಗಳ ತೊಟ್ಟಿಲು ಬೇಕೆಂದು ವೆಬ್‌ಸೈಟಿನಲ್ಲಿ ಒತ್ತಿದ್ದರು. ಪ್ರಶ್ನೆಯಮ್ಮನದ್ದು ಅದನ್ನು ಕೆಳಗೆ ಇಳಿಸಿತು, ಪ್ರಿಂಟರ್ ಕಿರ್ ಎಂದಿತು. ಮೇಸ್ತ್ರಿ ಚೀಟಿಯನ್ನು ಮೊಳೆಗೆ ಸಿಕ್ಕಿಸಿದ. ಕಿಡಿ ಜೇಬಿನಲ್ಲಿ ಕೈ ಇಟ್ಟುಕೊಂಡೇ ಒಂದು ಸುತ್ತು ಕುಣಿದ.

"ಕುಣಿಯೋದು ಆಮೇಲೆ" ಎಂದ ಲೇತಜ್ಜ. "ಕೈ ಖಾಲಿ ಇದೆ ತಾನೆ? ಬಾ ಇಲ್ಲಿ. ತೊಟ್ಟಿಲಿಗೆ ಕಂಬಿ ಬೇಕಲ್ಲ."

ಕಿಡಿಯ ಮೊದಲ ಕಂಬಿ ಹಾವಿನ ಹಾಗೆ ಬಂತು. ಎರಡನೆಯದು ಹಾವು ಇಲಿ ನುಂಗಿದ ಹಾಗೆ. "ಮರದ ಮೇಲೆ ಸಿಟ್ಟು ಯಾಕೋ? ಅದೇನು ನಿನಗೆ ತಂತಿ ಅಂದಿತಾ?" ಎಂದು ಅಜ್ಜ ಅವನ ಮೊಣಕೈ ಹಿಡಿದು ಸಡಿಲಿಸಿದ. ಉಳಿ ಒಮ್ಮೆ ಹಗುರವಾಯಿತು. ಸಿಪ್ಪೆ ರಿಬ್ಬನ್ನಿನಂತೆ ಹಾರಿ ಕಿಡಿಯ ಮೂಗಿನ ಮೇಲೆ ಕೂತಿತು. ಕಿಡಿ ಚಿಕ್ಕ ಹುಡುಗನಾಗಿದ್ದಾಗ ನಕ್ಕಂತೆ ನಕ್ಕ.

ಸ್ವಲ್ಪ ಹೊತ್ತಿಗೆ ಪ್ರಿಂಟರ್ ಮತ್ತೆ ಕಿರ್ ಎಂದಿತು. ತೊಟ್ಟಿಲು. ಇನ್ನೂ ಸ್ವಲ್ಪ ಹೊತ್ತಿಗೆ, ತೊಟ್ಟಿಲು. ಚೀಟಿ ಬಂದರೆ ಮಾಡುವುದು, ಯಾಕೆಂದು ಮೇಲೆ ಕೇಳಬಾರದು ಎನ್ನುವುದು ಜಗಳವಾದಾಗಿನಿಂದ ಆ ಕಾರ್ಖಾನೆಯ ಕಾನೂನು. ಮೇಸ್ತ್ರಿ ಮೊಳೆಗೆ ಸಿಕ್ಕಿಸುತ್ತ ಹೋದ, ಬಡಗಿಗಳು ಕೊಯ್ಯುತ್ತ ಹೋದರು, ಕಿಡಿ ಕಂಬಿ ಕಡೆಯುತ್ತ ಹೋದ. ಕೆಲಸ ಬಂದಷ್ಟೂ ಅವನಿಗೆ ಹಬ್ಬ. ಊಟದ ಹೊತ್ತಿಗೆ ಅಜ್ಜ ಪಕ್ಕದ ಪೆಟ್ಟಿಗೆಯ ಮೇಲೆ ಕೂತುಬಿಟ್ಟಿದ್ದ, ಕಿಡಿಯ ಕೈ ಹಿಡಿಯುವ ಅಗತ್ಯವೇ ಉಳಿದಿರಲಿಲ್ಲ.

ಮೇಲೆಯೂ ಸಂಭ್ರಮವೇ. ಪರದೆಯಲ್ಲಿ ಒಂದರ ಹಿಂದೆ ಒಂದು ಆರ್ಡರ್ ಬೀಳುವುದನ್ನು ನೋಡಿ ದೊಡ್ಡಮ್ಮ ಬಿಲ್ಲಿನ ಹೆಂಗಸರಿಗೆ "ವೆಬ್‌ಸೈಟ್ ಬೇಡ ಅಂದವರು ಈಗ ಬಂದು ನೋಡಲಿ" ಎಂದು ಸಾರಿದಳು. ಆಮೇಲೆ ಕನ್ನಡಕ ಹಾಕಿಕೊಂಡು ಹೆಸರು ಓದಿದಳು. ಎಲ್ಲ ತೊಟ್ಟಿಲಿಗೂ ಒಬ್ಬರದೇ ಹೆಸರು. ಫೋನು ಎತ್ತಿದಳು.

ಅದೇ ಹೊತ್ತಿಗೆ ಕೆಳಗೆ ಮಾವ ಒಳ್ಳೆಯ ಮರದ ರಾಶಿ ಕರಗಿದ್ದನ್ನು ಕಂಡು, ಮೊಳೆಯಿಂದ ಚೀಟಿಗಳ ಕಂತೆ ಕಿತ್ತುಕೊಂಡು ಮೆಟ್ಟಿಲು ಹತ್ತಿದ. ಜಗಳವಾದ ಮೇಲೆ ಆ ಮೆಟ್ಟಿಲ ಮೇಲೆ ಅವನು ಕಾಲಿಟ್ಟಿರಲಿಲ್ಲ. ದೊಡ್ಡಮ್ಮ ಫೋನು ಹಿಡಿದೇ ಇಳಿಯುತ್ತಿದ್ದಳು. ತಿರುವಿನಲ್ಲಿ ಇಬ್ಬರೂ ಮುಖಾಮುಖಿಯಾದರು.

"ನಿಮ್ಮ ದೊಡ್ಡಮ್ಮನಿಗೆ ಹೇಳು" ಎಂದು ಮಾವ ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದ. ಪಕ್ಕದಲ್ಲಿ ಗೋಡೆ ಇತ್ತು.

"ನಿಮ್ಮ ಮಾವನಿಗೆ..." ಎಂದು ದೊಡ್ಡಮ್ಮನೂ ಹುಡುಕಿದಳು. ನಡುವೆ ತಂತಿ ಇರಲಿಲ್ಲ. ಅದು ಕೆಳಗೆ ಕಂಬಿ ಕಡೆಯುತ್ತಿತ್ತು.

ಗರಗಸದವನು ಗರಗಸ ನಿಲ್ಲಿಸಿದ. ಕಾರ್ಖಾನೆ ಪೂರ್ತಿ ಕಿವಿಯಾಯಿತು. ಕಿಡಿಯೂ ಲೇತು ಆರಿಸಿ ಇಣುಕಿದ.

ಮಾವ ಕಂತೆಯನ್ನು ಅವಳ ಮುಖದ ಮುಂದೆ ಹಿಡಿದ. "ಏನಕ್ಕಾ ಇದು? ಊರಲ್ಲಿರೋರೆಲ್ಲ ಒಟ್ಟಿಗೆ ಹೆರೋಕೆ ಕೂತಿದ್ದಾರಾ?"

"ಊರಲ್ಲ ಕಣೋ, ಒಂದೇ ಮನೆ. ಈಗ ತಾನೆ ಫೋನ್ ಮಾಡಿದ್ದೆ. ಅವರಿಗಿರೋದೇ ಒಬ್ಬಳು ಮಗಳು."

"ಎಷ್ಟು ಮಕ್ಕಳಂತೆ?"

"ಒಂದೇ ಅಂತೆ. ಡಾಕ್ಟರು ನೋಡಿ ಹೇಳಿದ್ದಾರಂತೆ."

ಮಾವ ಕೈಯಲ್ಲಿದ್ದ ಕಂತೆಯನ್ನು ತೂಗಿ ನೋಡಿದ. "ಇನ್ನೊಂದ್ಸಲ ನೋಡೋಕೆ ಹೇಳು" ಎಂದ.

ದೊಡ್ಡಮ್ಮ ತುಟಿ ಕಚ್ಚಿದಳು. ಮುಖ ಆ ಕಡೆ ತಿರುಗಿಸಿದಳು. ಭುಜ ಕುಲುಕತೊಡಗಿತು. ಅಷ್ಟರಲ್ಲಿ ಪ್ರಿಂಟರ್ ಮತ್ತೆ ಕಿರ್ ಎಂದಿತು. ಮೇಸ್ತ್ರಿ ಇಣುಕಿ ನೋಡಿ, ಸೂಲಗಿತ್ತಿಯ ಗಾಂಭೀರ್ಯದಲ್ಲಿ "ಇನ್ನೊಂದಾಯ್ತು" ಎಂದ. ಅಲ್ಲಿಗೆ ಕಟ್ಟೆ ಒಡೆಯಿತು. ದೊಡ್ಡಮ್ಮ ಮೆಟ್ಟಿಲ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಾವ ಗೋಡೆ ಹಿಡಿದು ನಕ್ಕ. ನಡುವೆ ಒಮ್ಮೆ "ಎಲ್ಲ ನಿನ್ನ ವೆಬ್‌ಸೈಟಿಂದಲೇ" ಎಂದ. "ನಿನ್ನ ಆ ಮುದಿ ಕಂಪ್ಯೂಟರಿಂದ" ಎಂದಳು ಅವಳು. ಇಬ್ಬರೂ ಮತ್ತೆ ನಕ್ಕರು.

ನಗದೆ ನಿಂತವನು ಕಿಡಿ ಒಬ್ಬನೇ. ತಲೆ ತುಂಬ ಸಿಪ್ಪೆ, ಕೈಯಲ್ಲಿ ಕಂಬಿ. ಅವನಿಗೆ ಎಲ್ಲ ಹೊಳೆದು ಹೋಗಿತ್ತು. ಮೆಟ್ಟಿಲ ಬಳಿಗೆ ಬಂದು ನಿಂತ.

"ತಪ್ಪು ನಂದು. ಪ್ರಶ್ನೆಯಮ್ಮನದ್ದು ಆರ್ಡರ್ ಕೆಳಗೆ ಇಳಿಸುತ್ತೆ. ಕೆಳಗೆ ಹೊಸದೇನೋ ಬಂತು ಅಂತ ನಗುಮುಖನದ್ದು ಅದನ್ನೇ ಹೊತ್ಕೊಂಡು ಮೇಲೆ ಹೋಗುತ್ತೆ. ಮೇಲೆ ಹೊಸ ಆರ್ಡರ್ ಬಂತು ಅಂತ ಇದು ಮತ್ತೆ ಇಳಿಸುತ್ತೆ. ಒಂದೇ ತೊಟ್ಟಿಲು ಬೆಳಿಗ್ಗೆಯಿಂದ ಮೆಟ್ಟಿಲು ಹತ್ತಿ ಇಳಿದು ಮಾಡ್ತಿದೆ." ಹಾಗೆಂದವನೇ ಹೋಗಿ ನಗುಮುಖನ ಗೆರೆ ಅಳಿಸಿದ. ಪ್ರಿಂಟರ್ ತೆಪ್ಪಗಾಯಿತು.

ಮಾವ ಕಣ್ಣೊರೆಸಿಕೊಂಡ. "ಮರ ಹಾಳಾಗಲ್ಲ, ತೊಟ್ಟಿಲು ಎಂದಾದರೂ ಬೇಕಾಗುತ್ತೆ. ಆದ್ರೆ ಮಾತು ಮಾತೇ. ಕೈ ತಾಗದೆ ಒಂದು ದಿನ ನಡೀಬೇಕು ಅಂದಿದ್ದೆ. ನಡೀಲಿಲ್ಲ."

ಕಿಡಿ ಕಿಟಕಿಯ ಪಕ್ಕದ ಲೇತಿನ ಕಡೆ ತಿರುಗಿ ನೋಡಿದ.

"ನಡೀತಲ್ಲೋ" ಎಂದಳು ದೊಡ್ಡಮ್ಮ, ಇನ್ನೂ ಮೆಟ್ಟಿಲ ಮೇಲೇ ಕೂತು. "ಜಾಸ್ತಿಯೇ ನಡೀತು. ಅವನು ಕೈ ತಾಗಿಸಿದ್ನಾ ಹೇಳು."

ಲೇತಜ್ಜ ಎದ್ದು ಬಂದ. ಬೆಳಗಿನ ಹಾವನ್ನೂ ಮಧ್ಯಾಹ್ನದ ಒಂದು ಕಂಬಿಯನ್ನೂ ತಂದು ಮಾವನ ಕೈಗಿಟ್ಟ. ಮಾವ ಎರಡನ್ನೂ ಮೆಟ್ಟಿಲ ಮೇಲೆ ಉರುಳಿಸಿದ. ಒಂದು ತಡವರಿಸಿ ನಿಂತಿತು. ಇನ್ನೊಂದು ಸರಾಗವಾಗಿ ಉರುಳಿ ಹೋಗಿ ದೊಡ್ಡಮ್ಮನ ಪಾದಕ್ಕೆ ತಾಗಿತು.

"ಇನ್ನೊಂದು ದಿನ ಕೊಡ್ತೀನಿ" ಎಂದ ಮಾವ. "ಒಂದೇ."

ಕಿಡಿ ಪ್ರಶ್ನೆಯಮ್ಮನಿಗೆ ಫೋನು ಮಾಡಿದ. ಅವರು ಎಲ್ಲವನ್ನೂ ಕೇಳಿಸಿಕೊಂಡು, ಬೈಯದೆ, ಬಿಟ್ಟ ಜಾಗಕ್ಕೇ ಹಿಂತಿರುಗಿದರು. "ಹೇಳಿ. ಒಂದೇ ಆರ್ಡರ್ ಎರಡು ಸಲ ಬಂದ್ರೆ ಏನು ಮಾಡಲಿ?"

"ನಿಲ್ಲಿಸಿ, ಕೇಳಬೇಕು."

"ಯಾರನ್ನ ಕೇಳಲಿ? ಮೇಲಿನವರನ್ನಾ, ಕೆಳಗಿನವರನ್ನಾ?"

ಕಿಡಿ ಮೆಟ್ಟಿಲ ಕಡೆ ನೋಡಿದ. ಅಕ್ಕತಮ್ಮಂದಿರು ಇನ್ನೂ ಅಲ್ಲೇ ಕೂತು, ಅಲಮಾರಿಯ ಬಣ್ಣ ಯಾರ ತಪ್ಪೆಂದು ನೇರವಾಗಿ, ಏನನ್ನೂ ಉದುರಿಸದೆ ಕಚ್ಚಾಡುತ್ತಿದ್ದರು. "ಇಬ್ಬರನ್ನೂ" ಎಂದ. "ಇಬ್ಬರೂ ಹೂಂ ಅಂದ್ರೆ ಮಾತ್ರ ಬಿಡಿ."

ಉಳಿದ ಪ್ರಶ್ನೆಗಳಿಗೂ ಅವನು ಸಿಡುಕದೆ ಉತ್ತರ ಕೊಟ್ಟ. ಹತ್ತುವುದೂ ಇಳಿಯುವುದೂ ಎರಡೂ ಪ್ರಶ್ನೆಯಮ್ಮನೊಬ್ಬರ ಕೈಗೇ ಹೋಯಿತು. ನಗುಮುಖ ಬೇಜಾರು ಮಾಡಿಕೊಳ್ಳಲಿಲ್ಲ. "ನಮ್ಮದು ಬೇಗ ಓಡುತ್ತೆ ಅಂತ ನಾನು ಮೊದಲೇ ಹೇಳಿದ್ದೆ" ಎಂದು ನಕ್ಕು ಹೋದ. ಮಾವ ಕೊಟ್ಟ ಒಂದೇ ದಿನ ಬೆಳಗಾಯಿತು, ಸಂಜೆಯಾಯಿತು. ಎರಡು ಕುರ್ಚಿ, ಒಂದು ಕನ್ನಡಿಯ ಚೌಕಟ್ಟು, ಒಂದು ಮೇಜು ತಮ್ಮ ಪಾಡಿಗೆ ಇಳಿದವು. ಒಂದು ಬೆಂಚು 'ರೆಡಿ' ಎಂದು ತಾನಾಗಿ ಹತ್ತಿತು. ಕಿಡಿಯ ಕೈಗೆ ಅಂಟಿದ್ದು ಮರದ ಪುಡಿ ಮಾತ್ರ.

ಪೋಸ್ಟ್‌ಮಾಸ್ಟರರು ಬಂದು ಸಾಲಾಗಿ ನಿಂತ ತೊಟ್ಟಿಲುಗಳ ನಡುವೆ ಓಡಾಡಿ, ಒಂದನ್ನು ಆರಿಸಿಕೊಂಡು ಹೋದರು. ಇನ್ನೊಂದೆರಡಕ್ಕೆ ಗಿರಾಕಿ ಸಿಕ್ಕರು. ಉಳಿದವು ಕಿಟಕಿಯ ಬಳಿ ಗಾಳಿಗೆ ತೂಗುತ್ತ ನಿಂತವು. ಆ ಹಾವಿನಂಥ ಕಂಬಿ ಕೂರಿಸಿದ್ದ ತೊಟ್ಟಿಲನ್ನು ದೊಡ್ಡಮ್ಮ ಮೇಲೆ ಹೊರಿಸಿಕೊಂಡು ಹೋಗಿ, ಅದರಲ್ಲಿ ಕುರ್ಚಿಗೆ ಹಾಕುವ ಬಟ್ಟೆಯ ಮಾದರಿ ತುಂಬಿಟ್ಟುಕೊಂಡಳು. ಯಾಕೆಂದು ಯಾರಿಗೂ ಹೇಳಲಿಲ್ಲ.

ತಿಂಗಳ ಕೊನೆಯ ದಿನ ಲೇತಜ್ಜ ತನ್ನ ಉಳಿಗಳನ್ನು ಒರೆಸಿ ಕಿಡಿಯ ಕೈಗಿಟ್ಟ. ಒಂದನ್ನು ಮಾತ್ರ, ಹಿಡಿ ಸವೆದು ಅವನ ಅಂಗೈಯ ಆಕಾರಕ್ಕೇ ಬಂದಿದ್ದನ್ನು, ಜೇಬಿಗೆ ಹಾಕಿಕೊಂಡ. ಕಿಡಿ ಅವನನ್ನು ಬಾಗಿಲವರೆಗೆ ಬಿಟ್ಟು ತಿರುಗುತ್ತಿದ್ದಂತೆ ಮೆಟ್ಟಿಲ ತಲೆಯಲ್ಲಿ ದೊಡ್ಡಮ್ಮ ಕಾಣಿಸಿದಳು. ಹಿಂದೆ ಇಬ್ಬರು ಗಿರಾಕಿಗಳು, ಬಿಲ್ಲಿನ ಹೆಂಗಸರು.

"ಏಯ್ ತಂತಿ" ಎಂದು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿದಳು. "ತೂಗು ಕುರ್ಚಿ ಏನಾಯ್ತು? ನಿಮ್ಮ ಮಾವನಿಗೆ ಹೇಳು, ಗಿರಾಕಿ ಕಾಯ್ತಿದ್ದಾರೆ ಅಂತ. ಕಿವಿಗೆ ಏನು ಸಿಪ್ಪೆ ತುಂಬಿದೆಯಾ?"

ಬಡಗಿಗಳು ಕೈ ನಿಲ್ಲಿಸಿ ಕಾದರು. ಕಿಡಿಯ ನಾಲಗೆಯ ಮೇಲೆ ಮೂರು ಉತ್ತರ ಸಾಲುಗಟ್ಟಿ ನಿಂತವು, ಮೂರೂ ಒಂದಕ್ಕಿಂತ ಒಂದು ಚುರುಕು.

"ಅಕ್ಕಾ, ನಿನ್ನೆಯೇ ರೆಡಿ ಆಯ್ತು" ಎಂದು ಒಳಗಿನಿಂದ ಮಾವ ಕೂಗಿದ. "ನಿನ್ನ ಪರದೆ ನೋಡೇ ಮಾರಾಯ್ತಿ."

"ನೋಡಿದೆ, ನೋಡಿದೆ. ಬಾಯಲ್ಲೂ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?"

ಮೇಲಿನ ಮಾತು ಕೆಳಗೆ, ಕೆಳಗಿನ ಮಾತು ಮೇಲೆ, ಅವನ ತಲೆಯ ಮೇಲಿನಿಂದಲೇ ಹಾದು ಹೋಗತೊಡಗಿತು. ಕಿಡಿ ಮೂರು ಉತ್ತರಗಳನ್ನೂ ನುಂಗಿಕೊಂಡು, ಉಳಿಗಳನ್ನು ತೋಳಿಗೆ ಒತ್ತಿ ಹಿಡಿದು, ಕಿಟಕಿಯ ಪಕ್ಕದ ಲೇತಿನ ಕಡೆಗೆ ನಡೆದ.